ಲಿನಕ್ಸ್ ಬೂಟ್ ಅರ್ಧಕ್ಕೆ ನಿಂತ್ರೆ: ಸಿಸ್ಟಮ್‌ಡಿ ಎಲ್ಲಿಗೆ ಹೊರಟಿತ್ತು, ಯಾರು ತಡೆದ್ರು ಅಂತ ಹುಡುಕೋದು

ಮಷಿನ್ ಆನ್ ಮಾಡಿದ್ರೆ ಲಾಗಿನ್ ಸ್ಕ್ರೀನ್ ಬರಲ್ಲ, ಕಪ್ಪು ಪರದೆ ಮೇಲೆ ‘ಯೂ ಆರ್ ಇನ್ ಎಮರ್ಜೆನ್ಸಿ ಮೋಡ್’ ಅಂತ ಬಂದು ಕೂತಿದೆ. ಇಲ್ಲಾಂದ್ರೆ ಕೆಂಪು ನಕ್ಷತ್ರಗಳು ಆ ಕಡೆ ಈ ಕಡೆ ಓಡಾಡ್ತಾ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್’ ಅಂತ ಏನೋ ಉದ್ದದ ಹೆಸರು ತೋರಿಸ್ತಾ ಪಕ್ಕದಲ್ಲೇ ಸೆಕೆಂಡು ಎಣಿಸ್ತಾ ಇದೆ. ಇಷ್ಟು ಕಂಡ ತಕ್ಷಣ ಬಹಳ ಜನ ಪೆನ್‌ಡ್ರೈವ್ ಹುಡುಕೋಕೆ ಹೋಗ್ತಾರೆ, ಓಎಸ್ ಮತ್ತೆ ಹಾಕ್ಬಿಡೋಣ ಅಂತ. ದಯವಿಟ್ಟು ಹಾಗೆ ಮಾಡ್ಬೇಡಿ. ಎಮರ್ಜೆನ್ಸಿ ಮೋಡ್ ಬಂತು ಅಂದ್ರೆ ಕರ್ನಲ್ (ಲಿನಕ್ಸ್‌ನ ತಿರುಳು) ಚೆನ್ನಾಗಿದೆ, ರೂಟ್ ಪಾರ್ಟಿಷನ್ (ಓಎಸ್ ಕೂತಿರೋ ಡಿಸ್ಕ್ ಭಾಗ) ಸಿಕ್ಕಿದೆ, ಸಿಸ್ಟಮ್‌ಡಿ (ಬೂಟ್ ಆಗುವಾಗ ಉಳಿದಿದ್ದನ್ನೆಲ್ಲ ಎಬ್ಬಿಸೋ ಪ್ರೋಗ್ರಾಮ್) ಎದ್ದು ಕೆಲಸ ಮಾಡ್ತಾ ಇದೆ, ಮುಂದೆ ಹೋಗೋಕೆ ಒಂದೇ ಒಂದು ವಿಷಯ ಅಡ್ಡ ಬಂದಿದೆ ಅಂತ ಅರ್ಥ. ಆ ಒಂದು ವಿಷಯ ಯಾವುದು ಅಂತ ಕಂಡುಹಿಡಿಯೋದೇ ಇಲ್ಲಿರೋ ಕೆಲಸ. ತುಂಬಾ ಸಲ ಒಂದು ಫೈಲಲ್ಲಿ ಒಂದು ಸಾಲು ತಿದ್ದಿದ್ರೆ ಮುಗೀತು.

(ಕಮಾಂಡ್‌ಗಳನ್ನೆಲ್ಲ ಕೆಳಗೆ ಉಚ್ಚಾರಣೆ ಪ್ರಕಾರ ಬರೆದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ, ಸಣ್ಣಕ್ಷರದಲ್ಲೇ ಹೊಡೀರಿ. ಆಪ್ಷನ್‌ಗಳಲ್ಲಿ ಮಾತ್ರ ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ. ಯೂನಿಟ್ ಫೈಲ್ ಒಳಗೆ ಬರೆಯೋ ವಾಂಟ್ಸ್, ಆಫ್ಟರ್, ರಿಕ್ವೈರ್ಸ್‌ಮೌಂಟ್ಸ್‌ಫಾರ್ ಥರದ ಹೆಸರುಗಳಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಿರ್ಬೇಕು.)

ಮೊದಲು ಸಿಸ್ಟಮ್‌ಡಿ ಹೇಗೆ ಯೋಚನೆ ಮಾಡತ್ತೆ ಅಂತ

ಇದನ್ನ 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತೆ ಕೇ ಸೀವರ್ಸ್ ಶುರು ಮಾಡಿದ್ದು, 2011ರಲ್ಲಿ ಫೆಡೋರಾ 15 ಇದನ್ನ ಡೀಫಾಲ್ಟ್ ಮಾಡ್ತು, 2014ರಲ್ಲಿ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ 7, 2015ರಲ್ಲಿ ಡೆಬಿಯನ್ 8 ಮತ್ತೆ ಉಬುಂಟು 15.04. ಇಷ್ಟು ವರ್ಷ ಆದ್ರೂ ನೆಟ್ಟಲ್ಲಿ ಹುಡುಕಿದ್ರೆ /ಇಟಿಸಿ/ಇನಿಟ್‌ಟ್ಯಾಬ್ ತೆಗೆದು ರನ್‌ಲೆವೆಲ್ (ಮಷಿನ್ ಯಾವ ಸ್ಥಿತಿಗೆ ಏಳ್ಬೇಕು ಅನ್ನೋ ಹಳೇ ಕಾಲದ ನಂಬರ್) ಬದಲಾಯಿಸಿ ಅನ್ನೋ ಹಳೇ ಸಲಹೆಗಳೇ ಮೊದಲು ಸಿಗ್ತಾವೆ. ಸಿಸ್ಟಮ್‌ಡಿ ಆ ಫೈಲ್ ನೋಡೋದೇ ಇಲ್ಲ, ಅಲ್ಲಿ ಏನು ಬರೆದ್ರೂ ವ್ಯರ್ಥ.

ಹಳೇ ಇನಿಟ್‌ನಲ್ಲಿ (ಸಿಸ್ಟಮ್‌ಡಿಗೆ ಮುಂಚೆ ಇದೇ ಕೆಲಸ ಮಾಡ್ತಿದ್ದದ್ದು) ಸ್ಕ್ರಿಪ್ಟ್‌ಗಳು ಒಂದಾದ ಮೇಲೆ ಒಂದು ಓಡ್ತಿದ್ವು, ಆದ್ರಿಂದ ಎಲ್ಲಿ ನಿಂತಿತೋ ಅಲ್ಲೇ ತೊಂದರೆ ಅಂತ ಸುಲಭವಾಗಿ ಹೇಳಬಹುದಿತ್ತು. ಸಿಸ್ಟಮ್‌ಡಿ ಹಾಗಲ್ಲ. ಕರ್ನಲ್ ಎದ್ದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಮೆಮೊರೀಲಿ ತಾತ್ಕಾಲಿಕವಾಗಿ ಓಡೋ ಪುಟ್ಟ ಸಿಸ್ಟಮ್) ರೂಟ್ ಡಿಸ್ಕ್ ಹುಡುಕಿ ಕೊಡತ್ತೆ, ಆಮೇಲೆ ಪಿಐಡಿ 1 ಅಂದ್ರೆ ಮೊಟ್ಟಮೊದಲ ಪ್ರೋಸೆಸ್ ಆಗಿ ಸಿಸ್ಟಮ್‌ಡಿ ಬರತ್ತೆ, ಬಂದ ತಕ್ಷಣ ಅದು ಕೇಳೋ ಮೊದಲ ಪ್ರಶ್ನೆ ‘ನಾನು ಎಲ್ಲಿಗೆ ಹೋಗ್ಬೇಕು’ ಅಂತ. ಅದಕ್ಕೆ ಉತ್ತರ ಡೀಫಾಲ್ಟ್.ಟಾರ್ಗೆಟ್ (ಟಾರ್ಗೆಟ್ ಅಂದ್ರೆ ಮಷಿನ್ ಮುಟ್ಟಬೇಕಾದ ಒಂದು ಸ್ಥಿತಿ). ಡೆಸ್ಕ್‌ಟಾಪ್ ಆದ್ರೆ ಅದು ಗ್ರಾಫಿಕಲ್.ಟಾರ್ಗೆಟ್ ಕಡೆ ತೋರಿಸ್ತಿರತ್ತೆ, ಸರ್ವರ್ ಆದ್ರೆ ಸಾಮಾನ್ಯವಾಗಿ ಮಲ್ಟಿ-ಯೂಸರ್.ಟಾರ್ಗೆಟ್. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕತ್ತೆ, ಗ್ರಾಫಿಕಲ್‌ಗೆ ಮಲ್ಟಿ-ಯೂಸರ್ ಬೇಕು, ಮಲ್ಟಿ-ಯೂಸರ್‌ಗೆ ಬೇಸಿಕ್ ಬೇಕು, ಬೇಸಿಕ್‌ಗೆ ಸಿಸ್‌ಇನಿಟ್ ಬೇಕು, ಸಿಸ್‌ಇನಿಟ್ ಶುರು ಆಗೋ ಹೊತ್ತಿಗೆ ಲೋಕಲ್-ಎಫ್‌ಎಸ್ ಅಂದ್ರೆ ಡಿಸ್ಕುಗಳೆಲ್ಲ ಮೌಂಟ್ ಆಗಿರ್ಬೇಕು (ತಮ್ಮ ತಮ್ಮ ಫೋಲ್ಡರ್‌ಗೆ ಜೋಡಣೆ ಆಗಿರ್ಬೇಕು). ಹೀಗೆ ಬೇಕಾದ್ದನ್ನೆಲ್ಲ ಒಟ್ಟು ಮಾಡಿ ಜಾಬ್‌ಗಳ ಪಟ್ಟಿ ಮಾಡಿ, ಯಾವುದಕ್ಕೆ ಯಾವುದೂ ಕಾಯ್ಬೇಕಾಗಿಲ್ವೋ ಅದನ್ನೆಲ್ಲ ಒಟ್ಟಿಗೇ ಬಿಟ್ಬಿಡತ್ತೆ. ಅದಕ್ಕೇ ಸ್ಕ್ರೀನಲ್ಲಿ ಕೊನೇ ಸಾಲು ಏನಿದೆಯೋ ಅದೇ ತಪ್ಪಿತಸ್ಥ ಅಂತ ಅಂದ್ಕೊಳ್ಳೋಕೆ ಆಗಲ್ಲ, ಅದು ಸುಮ್ನೆ ಆ ಹೊತ್ತಿಗೆ ಮುಗಿದ ಬೇರೆ ಯಾವುದೋ ಕೆಲಸ ಇರಬಹುದು.

ಇನ್ನೊಂದು ವಿಷಯ ಇಲ್ಲೇ ಗಟ್ಟಿ ಮಾಡ್ಕೊಳಿ. ‘ಬೇಕು’ ಅನ್ನೋದು ಬೇರೆ, ‘ಮೊದಲು-ಆಮೇಲೆ’ ಅನ್ನೋದು ಬೇರೆ. ರಿಕ್ವೈರ್ಸ್ ಅಂದ್ರೆ ಅದು ಇಲ್ದೆ ನಾನು ಬರಲ್ಲ, ವಾಂಟ್ಸ್ ಅಂದ್ರೆ ಬಂದ್ರೆ ಒಳ್ಳೇದು ಬರದಿದ್ರೂ ನಾನು ಮುಂದೆ ಹೋಗ್ತೀನಿ, ಆಫ್ಟರ್ ಅಂದ್ರೆ ಅದು ಮುಗಿದ ಮೇಲೆ ನಾನು. ಆಫ್ಟರ್ ಅಂತ ಬರೆದ ಮಾತ್ರಕ್ಕೆ ಆ ಯೂನಿಟ್‌ನ (ಸಿಸ್ಟಮ್‌ಡಿ ನೋಡ್ಕೊಳ್ಳೋ ಸರ್ವಿಸ್, ಮೌಂಟ್, ಟಾರ್ಗೆಟ್ ಒಂದೊಂದೂ ಯೂನಿಟ್) ಯಾರೂ ಎಳ್ಕೊಂಡು ಬರಲ್ಲ, ವಾಂಟ್ಸ್ ಅಂತ ಬರೆದ ಮಾತ್ರಕ್ಕೆ ಅದು ಮುಗಿಯೋ ತನಕ ಯಾರೂ ಕಾಯಲ್ಲ. ಕೆಳಗೆ ಬರೋ ದೋಷಗಳಲ್ಲಿ ಅರ್ಧಕ್ಕರ್ಧ ಈ ಎರಡನ್ನ ಕಲಸಿಕೊಂಡಿದ್ದಕ್ಕೇ ಆಗೋದು.

ಹಾಗಾಗಿ ಯಾವ ಬೂಟ್ ತೊಂದರೆ ಬಂದ್ರೂ ಕೇಳ್ಬೇಕಾದ್ದು ಎರಡೇ: ಯಾವ ಟಾರ್ಗೆಟ್‌ಗೆ ಹೊರಟಿತ್ತು, ದಾರೀಲಿ ಯಾವ ಜಾಬ್ ತಡೆದಿದ್ದು.

ಪ್ರಾಂಪ್ಟ್ ನೋಡಿದ್ರೇ ಅರ್ಧ ಗೊತ್ತಾಗತ್ತೆ

ಡೆಬಿಯನ್, ಉಬುಂಟು ಕಡೆ ಪರದೆ ಮೇಲೆ ಬ್ರಾಕೆಟ್ ಒಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಅನ್ನೋ ಪ್ರಾಂಪ್ಟ್ ಬಂದಿದ್ರೆ, ಅಥವಾ ಫೆಡೋರಾ ಕಡೆ ‘ಡ್ರಾಕಟ್’ ಅಂತ ಇದ್ರೆ, ನೀವಿನ್ನೂ ನಿಜವಾದ ಸಿಸ್ಟಮ್‌ಗೆ ಬಂದೇ ಇಲ್ಲ, ರೂಟ್ ಡಿಸ್ಕೇ ಸಿಕ್ಕಿಲ್ಲ ಅಥವಾ ಕೆಟ್ಟಿದೆ. ಆಗ ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿಯ ಫೈಲ್) ತಿದ್ದೋ ಮಾತೇ ಇಲ್ಲ, ಕರ್ನಲ್ ಸಾಲಲ್ಲಿರೋ ರೂಟ್=ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಸರಿ ಇದೆಯಾ ಅಂತ ಬಿಎಲ್‌ಕೆಐಡಿ ಹೊಡೆದು ನೋಡ್ಬೇಕು, ಪಾರ್ಟಿಷನ್ ಕಾಣ್ತಾ ಇದ್ರೆ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ತಪಾಸಣೆ) ಮಾಡ್ಬೇಕು.

‘ಗಿವ್ ರೂಟ್ ಪಾಸ್‌ವರ್ಡ್ ಫಾರ್ ಮೇಂಟೆನೆನ್ಸ್’ ಅಂತ ಬಂದಿದ್ರೆ ನೀವು ರೆಸ್ಕ್ಯೂ ಅಥವಾ ಎಮರ್ಜೆನ್ಸೀಲಿ ಇದೀರಿ. ರೆಸ್ಕ್ಯೂ ಅಂದ್ರೆ ಸಿಸ್‌ಇನಿಟ್ ತನಕ ಬಂದಿದೆ, ಡಿಸ್ಕೆಲ್ಲ ಮೌಂಟ್ ಆಗಿದೆ, ಹಳೇ ಸಿಂಗಲ್ ಯೂಸರ್ ಮೋಡ್ ಇದ್ದ ಹಾಗೆ. ಎಮರ್ಜೆನ್ಸಿ ಅಂದ್ರೆ ಬರೀ ರೂಟ್ ಪಾರ್ಟಿಷನ್ ಮತ್ತೆ ಒಂದು ಶೆಲ್, ಹೆಚ್ಚಿನ ಸಲ ರೂಟ್ ಕೂಡ ಓದೋಕೆ ಮಾತ್ರ ಬರೋ ಹಾಗೆ ಇರತ್ತೆ.

ಮಾಮೂಲಿ ‘ಲಾಗಿನ್:’ ಬಂದಿದ್ರೆ ಸಿಸ್ಟಮ್ ಸುಮಾರಾಗಿ ಪೂರ್ತಿ ಬಂದಿದೆ, ತೊಂದರೆ ಗ್ರಾಫಿಕ್ಸ್ ಕಡೆ.

ಏನೂ ಕಾಣದೆ ಬರೀ ಲೋಗೋ ತಿರುಗ್ತಾ ಇದ್ರೆ ಎಸ್ಕೇಪ್ ಒತ್ತಿ ನೋಡಿ. ಆಗ್ಲಿಲ್ಲ ಅಂದ್ರೆ ಗ್ರಬ್ ಮೆನುವಲ್ಲಿ (ಯಾವ ಕರ್ನಲ್ ಬೂಟ್ ಮಾಡ್ಬೇಕು ಅಂತ ಶುರುವಲ್ಲೇ ಕೇಳೋ ಪಟ್ಟಿ) ಇ ಒತ್ತಿ, ಲಿನಕ್ಸ್ ಅಂತ ಶುರು ಆಗೋ ಸಾಲಲ್ಲಿ ಕ್ವಯೆಟ್, ಸ್ಪ್ಲಾಶ್, ಆರ್‌ಎಚ್‌ಜಿಬಿ ಇವನ್ನ ಅಳಿಸಿ ಕಂಟ್ರೋಲ್-ಎಕ್ಸ್ ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ, ಏನೂ ಶಾಶ್ವತವಾಗಿ ಬದಲಾಗಲ್ಲ, ಧೈರ್ಯವಾಗಿ ಮಾಡಿ.

ಎಮರ್ಜೆನ್ಸಿ ಮೋಡ್, ಅತಿ ಹೆಚ್ಚು ಕಾಡೋದು ಇದೇ

ಒಂದು ಮಾಮೂಲಿ ಕೇಸ್ ತಗೊಳಿ. ಮಷಿನ್‌ನಲ್ಲಿ ಎರಡನೇ ಡಿಸ್ಕ್ ಇತ್ತು, /ಡೇಟಾ ಅಂತ ಮೌಂಟ್ ಆಗ್ತಿತ್ತು, ಯಾರೋ ಆ ಡಿಸ್ಕ್ ತೆಗೆದ್ರು ಅಥವಾ ಫಾರ್ಮ್ಯಾಟ್ ಮಾಡಿದ್ರು. ಫಾರ್ಮ್ಯಾಟ್ ಮಾಡಿದ್ರೆ ಯುಯುಐಡಿ ಬದಲಾಗತ್ತೆ, ಆದ್ರೆ ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೇದೇ ಉಳಿದಿದೆ. ಮುಂದಿನ ಬೂಟ್‌ನಲ್ಲಿ ಪರದೆ ಮೇಲೆ ಹೀಗೆ ಆಗತ್ತೆ: ಹಸಿರು ಓಕೆಗಳು ಸರಸರ ಅಂತ ಹೋಗ್ತಾವೆ, ಆಮೇಲೆ ಎಲ್ಲ ನಿಂತು ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್ /ಡೆವ್/ಡಿಸ್ಕ್/ಬೈ-ಯುಯುಐಡಿ/...’ ಅಂತ ಒಂದೇ ಸಾಲು ಉಳಿಯತ್ತೆ, ಪಕ್ಕದಲ್ಲಿ 5 ಸೆಕೆಂಡ್ / 1 ನಿಮಿಷ 30 ಸೆಕೆಂಡ್ ಅಂತ ಲೆಕ್ಕ. 90 ಸೆಕೆಂಡ್ ತುಂಬಿದ ಮೇಲೆ ಮೂರು ಸಾಲು ಬರತ್ತೆ, ಈ ಮೂರೇ ನಿಮಗೆ ಬೇಕಾಗಿರೋದು, ಫೋನಲ್ಲಿ ಫೋಟೋ ತೆಗೆದಿಟ್ಕೊಳಿ:

ಟೈಮ್ಡ್ ಔಟ್ ವೇಟಿಂಗ್ ಫಾರ್ ಡಿವೈಸ್ (ಆ ಯುಯುಐಡಿ)
ಡಿಪೆಂಡೆನ್ಸಿ ಫೇಲ್ಡ್ ಫಾರ್ /ಡೇಟಾ
ಡಿಪೆಂಡೆನ್ಸಿ ಫೇಲ್ಡ್ ಫಾರ್ ಲೋಕಲ್ ಫೈಲ್ ಸಿಸ್ಟಮ್ಸ್

ಮೇಲಿಂದ ಕೆಳಗೆ ಓದಿ, ಕಥೆ ಪೂರ್ತಿ ಅಲ್ಲೇ ಇದೆ. ಎಫ್‌ಎಸ್‌ಟ್ಯಾಬ್‌ನ ಪ್ರತಿ ಸಾಲನ್ನೂ ಸಿಸ್ಟಮ್‌ಡಿ ಬೂಟ್ ಆಗುವಾಗ ಒಂದೊಂದು ಮೌಂಟ್ ಯೂನಿಟ್ ಮಾಡತ್ತೆ, /ಡೇಟಾ ಅನ್ನೋದು ಡೇಟಾ.ಮೌಂಟ್ ಆಗತ್ತೆ. ಅದನ್ನ ಲೋಕಲ್-ಎಫ್‌ಎಸ್.ಟಾರ್ಗೆಟ್‌ಗೆ ರಿಕ್ವೈರ್ಸ್ ಅಂತ ಕಟ್ಟತ್ತೆ. ಡಿವೈಸ್ ಬರ್ಲಿಲ್ಲ, ಆದ್ರಿಂದ ಮೌಂಟ್ ಆಗ್ಲಿಲ್ಲ, ಆದ್ರಿಂದ ಲೋಕಲ್-ಎಫ್‌ಎಸ್ ಬಿತ್ತು. ಲೋಕಲ್-ಎಫ್‌ಎಸ್ ಯೂನಿಟ್‌ನಲ್ಲಿ ಆನ್‌ಫೇಲ್ಯೂರ್=ಎಮರ್ಜೆನ್ಸಿ.ಟಾರ್ಗೆಟ್ ಅಂತ ಬರೆದಿರತ್ತೆ, ಅದಕ್ಕೇ ಸಿಸ್ಟಮ್‌ಡಿ ದಾರಿ ಬದಲಾಯಿಸಿ ಇಲ್ಲಿಗೆ ಕರ್ಕೊಂಡು ಬಂತು. ಬ್ಯಾಕಪ್‌ಗೆ ಅಂತ ಇಟ್ಟ ಒಂದು ಡಿಸ್ಕ್ ಇಲ್ಲ ಅಂತ ಇಡೀ ಮಷಿನ್ ನಿಲ್ಲಿಸೋದು ಅತಿ ಅನ್ನಿಸಬಹುದು, ಆದ್ರೆ ಆ ಡಿಸ್ಕಲ್ಲಿ ಡೇಟಾಬೇಸ್ ಇದ್ದು, ಅದಿಲ್ದೇನೇ ಡೇಟಾಬೇಸ್ ಎದ್ದು ಖಾಲಿ ಫೋಲ್ಡರ್ ಮೇಲೆ ಹೊಸದಾಗಿ ಶುರು ಮಾಡಿದ್ರೆ ಆಗೋ ಅನಾಹುತ ಇದಕ್ಕಿಂತ ದೊಡ್ಡದು. ನನ್ನ ಪ್ರಕಾರ ಸಿಸ್ಟಮ್‌ಡಿ ಇಲ್ಲಿ ಮಾಡ್ತಿರೋದು ಸರಿಯೇ, ಯಾವ ಡಿಸ್ಕ್ ಮುಖ್ಯ ಯಾವುದು ಅಲ್ಲ ಅಂತ ಅದಕ್ಕೆ ನಾವು ಹೇಳ್ಬೇಕು ಅಷ್ಟೆ.

ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಎಲ್ಲರೂ ಮೊದಲು ಹೊಡೆಯೋದು

ಸಿಸ್ಟಮ್‌ಸಿಟಿಎಲ್ --ಫೇಲ್ಡ್

ಮತ್ತೆ ಇಲ್ಲೇ ಬಹಳ ಜನ ದಾರಿ ತಪ್ಪೋದು, ಯಾಕಂದ್ರೆ ಈ ಕೇಸಲ್ಲಿ ಅದು 0 ಅಂತ ತೋರಿಸಬಹುದು. ಎಮರ್ಜೆನ್ಸೀಲಿ ಕೂತಿದೀನಿ ಆದ್ರೂ ಯಾವುದೂ ಫೇಲ್ ಆಗಿಲ್ಲ ಅಂತಿದೆಯಲ್ಲಾ ಅಂತ ತಲೆ ಕೆಡಬಹುದು. ಕಾರಣ ಇದು: ಮೌಂಟ್ ಯೂನಿಟ್ ಓಡಿ ಸೋತಿಲ್ಲ, ಅದು ಓಡೋಕೆ ಶುರುವೇ ಆಗಿಲ್ಲ, ಅದು ನಂಬ್ಕೊಂಡಿದ್ದ ಡಿವೈಸ್ ಬರ್ಲಿಲ್ಲ ಅಂತ ಅದರ ಜಾಬ್ ರದ್ದಾಯ್ತು. ಹಾಗಾದ ಯೂನಿಟ್ ‘ಫೇಲ್ಡ್’ ಅಂತ ಲೆಕ್ಕಕ್ಕೆ ಬರಲ್ಲ, ‘ಇನ್‌ಆಕ್ಟಿವ್’ ಅಂತಲೇ ಇರತ್ತೆ. ಆದ್ರಿಂದ ಜರ್ನಲ್‌ನಲ್ಲೇ (ಸಿಸ್ಟಮ್‌ಡಿ ಇಡೋ ಲಾಗ್) ಹುಡುಕ್ಬೇಕು:

ಜರ್ನಲ್‌ಸಿಟಿಎಲ್ -ಬಿ | ಗ್ರೆಪ್ -ಐ -ಇ ‘ಟೈಮ್ಡ್ ಔಟ್’ -ಇ ‘ಡಿಪೆಂಡೆನ್ಸಿ’

ಆಮೇಲೆ ಎಲ್‌ಎಸ್‌ಬಿಎಲ್‌ಕೆ -ಎಫ್ ಹೊಡೆದು ಈಗ ನಿಜವಾಗಿ ಇರೋ ಪಾರ್ಟಿಷನ್‌ಗಳು, ಅವುಗಳ ಯುಯುಐಡಿ ನೋಡಿ, /ಇಟಿಸಿ/ಎಫ್‌ಎಸ್‌ಟ್ಯಾಬ್ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಯುಯುಐಡಿ ಉದ್ದ ಇರತ್ತೆ, ಕಣ್ಣು ಮೋಸ ಮಾಡತ್ತೆ, ಅದಕ್ಕೇ ಪೂರ್ತಿ ಹೋಲಿಸಿ. ತಿದ್ದೋಕೆ ಹೋದ್ರೆ ‘ರೀಡ್-ಓನ್ಲಿ’ ಅಂತ ಬೈದ್ರೆ ಮೊದಲು ಇದು:

ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /

ಡಿಸ್ಕೇ ಇಲ್ಲ ಅಂದ್ರೆ ಆ ಸಾಲಿನ ಮುಂದೆ ಹ್ಯಾಶ್ ಹಾಕಿ. ಡಿಸ್ಕ್ ಇದೆ ಆದ್ರೆ ಆಗಾಗ ತೆಗೆದು ಹಾಕೋದು ಅಂದ್ರೆ ಆಪ್ಷನ್ ಕಾಲಮ್‌ನಲ್ಲಿ ನೋಫೇಲ್ ಮತ್ತೆ ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್ ಸೇರಿಸಿ. ಮುಗಿಸಿ ರೀಬೂಟ್ ಹೊಡೆಯೋ ಮುಂಚೆ

ಫೈಂಡ್‌ಮೌಂಟ್ --ವೆರಿಫೈ

ಅಂತ ಒಂದು ಸಲ ಹೊಡೀರಿ (ಟೈಪ್ ಮಾಡುವಾಗ ಮೌಂಟ್ ಬದಲು ಎಂ, ಎನ್, ಟಿ ಮೂರೇ ಅಕ್ಷರ), ಎಫ್‌ಎಸ್‌ಟ್ಯಾಬ್‌ನಲ್ಲಿ ಇನ್ನೇನಾದ್ರೂ ತಪ್ಪಿದ್ರೆ ಈಗಲೇ ಹೇಳತ್ತೆ. ಆಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಅದಿಲ್ದಿದ್ರೆ ಸಿಸ್ಟಮ್‌ಡಿ ತಲೇಲಿ ಹಳೇ ಎಫ್‌ಎಸ್‌ಟ್ಯಾಬೇ ಇರತ್ತೆ. ಕೊನೆಗೆ ಸಿಸ್ಟಮ್‌ಸಿಟಿಎಲ್ ಡೀಫಾಲ್ಟ್, ಅಲ್ಲಿಂದಲೇ ಮಾಮೂಲಿ ಟಾರ್ಗೆಟ್‌ಗೆ ಹೋಗತ್ತೆ.

ನೋಫೇಲ್ ಬಗ್ಗೆ ಒಂದು ಎಚ್ಚರಿಕೆ, ಇದನ್ನ ಯಾರೂ ಹೇಳಲ್ಲ. ನೋಫೇಲ್ ಹಾಕಿದ್ರೆ ರಿಕ್ವೈರ್ಸ್ ಹೋಗಿ ವಾಂಟ್ಸ್ ಆಗತ್ತೆ, ಜೊತೆಗೆ ಲೋಕಲ್-ಎಫ್‌ಎಸ್ ಅದಕ್ಕೆ ಕಾಯೋದನ್ನೂ ಬಿಡತ್ತೆ. ಅಂದ್ರೆ ಡಿಸ್ಕ್ ಇದ್ರೂ ನಿಧಾನಕ್ಕೆ ಎದ್ರೆ, /ಡೇಟಾ ಒಳಗೆ ಬರೆಯೋ ಸರ್ವಿಸ್ ಅದಕ್ಕೂ ಮುಂಚೆ ಶುರು ಆಗಿ ರೂಟ್ ಡಿಸ್ಕಿನ ಖಾಲಿ /ಡೇಟಾ ಫೋಲ್ಡರ್‌ನಲ್ಲೇ ಬರೆದುಬಿಡಬಹುದು, ಆಮೇಲೆ ಮೌಂಟ್ ಆದಾಗ ಅದು ಕೆಳಗೆ ಮುಚ್ಚಿಹೋಗತ್ತೆ, ಫೈಲ್ ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂರ್ಬೇಕು. ಹಾಗಾಗಿ ನೋಫೇಲ್ ಹಾಕಿದ ಜಾಗವನ್ನ ಬಳಸೋ ಸರ್ವಿಸ್‌ಗೆ ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಡೇಟಾ ಅಂತ ಸೇರಿಸಿ. ಡಿಸ್ಕ್ ಬಂದ್ರೆ ಸರ್ವಿಸ್ ಬರತ್ತೆ, ಇಲ್ಲಾಂದ್ರೆ ಆ ಸರ್ವಿಸ್ ಮಾತ್ರ ನಿಲ್ಲತ್ತೆ, ಮಷಿನ್ ನಿಲ್ಲಲ್ಲ.

ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಕಥೆ ಸ್ವಲ್ಪ ಬೇರೆ. ಒಂದೇ ಮಷಿನ್‌ನಲ್ಲಿ ಎರಡು ಲಿನಕ್ಸ್ ಹಾಕ್ಕೊಂಡಿರೋರಿಗೆ ಇದು ಗೊತ್ತಿರತ್ತೆ, ಎರಡನೇದನ್ನ ಇನ್‌ಸ್ಟಾಲ್ ಮಾಡುವಾಗ ಅದು ಸ್ವಾಪ್ ಪಾರ್ಟಿಷನ್‌ನ ಮತ್ತೆ ಫಾರ್ಮ್ಯಾಟ್ ಮಾಡಿ ಯುಯುಐಡಿ ಬದಲಾಯಿಸಿಬಿಡತ್ತೆ, ಆಮೇಲೆ ಮೊದಲನೇದು ಪ್ರತಿ ಸಲ ಒಂದೂವರೆ ನಿಮಿಷ ಕಾದು ಬೂಟ್ ಆಗತ್ತೆ. ಎಮರ್ಜೆನ್ಸಿಗೆ ಬೀಳಲ್ಲ, ಬರೀ ನಿಧಾನ. ಎಫ್‌ಎಸ್‌ಟ್ಯಾಬ್‌ನಲ್ಲಿ ಸ್ವಾಪ್ ಸಾಲಿನ ಯುಯುಐಡಿ ಸರಿ ಮಾಡಿದ್ರೆ ಹೋಗತ್ತೆ.

ಕರೆಂಟ್ ಹೋಗಿ ಬಂದ ಮೇಲೆ ಎಮರ್ಜೆನ್ಸಿ ಬಂದಿದ್ರೆ ಎಫ್‌ಎಸ್‌ಟ್ಯಾಬ್ ಮೇಲೆ ಅನುಮಾನ ಬೇಡ. ಆಗ ಸಿಸ್ಟಮ್‌ಸಿಟಿಎಲ್ --ಫೇಲ್ಡ್ ಒಳಗೆ ಸಿಸ್ಟಮ್‌ಡಿ-ಎಫ್‌ಎಸ್‌ಸಿಕೆ ಅಂತ ಶುರು ಆಗೋ ಒಂದು ಸರ್ವಿಸ್ ನಿಜವಾಗಲೂ ಫೇಲ್ ಆಗಿರತ್ತೆ, ಜರ್ನಲ್‌ನಲ್ಲಿ ‘ರನ್ ಎಫ್‌ಎಸ್‌ಸಿಕೆ ಮ್ಯಾನುಯಲಿ’ ಅಂತ ಬರೆದಿರತ್ತೆ. ಅದನ್ನೇ ಮಾಡಿ, ಆದ್ರೆ ಆ ಪಾರ್ಟಿಷನ್ ಮೌಂಟ್ ಆಗಿರಬಾರ್ದು. ಎಕ್ಸ್‌ಎಫ್‌ಎಸ್ ಆದ್ರೆ ಎಫ್‌ಎಸ್‌ಸಿಕೆ ಅಲ್ಲ, ಎಕ್ಸ್‌ಎಫ್‌ಎಸ್_ರಿಪೇರ್. ಇದಕ್ಕೂ ಮೊದಲು ಡಿಮೆಸ್ಗ್ (ಕರ್ನಲ್ ಸಂದೇಶಗಳನ್ನ ತೋರಿಸೋ ಕಮಾಂಡ್) ಒಂದು ಸಲ ನೋಡಿ, ‘ಐ/ಓ ಎರರ್’ ಸಾಲು ಸಾಲಾಗಿ ಬರ್ತಿದ್ರೆ ಡಿಸ್ಕೇ ಸಾಯ್ತಾ ಇದೆ. ಆಗ ರಿಪೇರಿ ಮಾಡೋಕೆ ಹೋಗ್ಬೇಡಿ, ಮೊದಲು ಡೇಟಾ ಬೇರೆ ಡಿಸ್ಕಿಗೆ ಎತ್ಕೊಳಿ, ಲೈವ್ ಯುಎಸ್‌ಬಿಯಿಂದ. ಹುಷಾರಾಗಿರ್ಬೇಕಾದ ಜಾಗ ಅಂದ್ರೆ ಇದೇ.

ರೂಟ್ ಪಾಸ್‌ವರ್ಡೇ ಇಲ್ಲ ಅಂದ್ರೆ

ಈಗಿನ ಇನ್‌ಸ್ಟಾಲರ್‌ಗಳು ರೂಟ್ ಅಕೌಂಟ್ ಲಾಕ್ ಮಾಡಿ ಬರೀ ಸೂಡೋ (ಮಾಮೂಲಿ ಯೂಸರ್‌ಗೆ ರೂಟ್ ಅಧಿಕಾರ ಕೊಡೋ ಕಮಾಂಡ್) ಕೊಡ್ತಾವೆ. ಉಬುಂಟುಲಿ ಸಾಮಾನ್ಯವಾಗಿ ಎಂಟರ್ ಒತ್ತಿದ್ರೆ ಒಳಗೆ ಬಿಡತ್ತೆ, ಆದ್ರೆ ಫೆಡೋರಾ ಥರದ್ದರಲ್ಲಿ ‘ಕೆನಾಟ್ ಓಪನ್ ಆಕ್ಸೆಸ್ ಟು ಕನ್ಸೋಲ್, ದ ರೂಟ್ ಅಕೌಂಟ್ ಈಸ್ ಲಾಕ್ಡ್’ ಅಂತ ಹೇಳಿ ಅದನ್ನೇ ತಿರುಗಿ ತಿರುಗಿ ತೋರಿಸತ್ತೆ, ಎಂಟರ್ ಒತ್ತಿದಷ್ಟೂ ಅದೇ. ಗ್ರಬ್‌ಗೆ ಹೋಗಿ ಲಿನಕ್ಸ್ ಸಾಲಿನ ಕೊನೆಗೆ ಇನಿಟ್=/ಬಿನ್/ಬ್ಯಾಶ್ ಸೇರಿಸಿ ಬೂಟ್ ಮಾಡಿ. ಇಲ್ಲಿ ಸಿಸ್ಟಮ್‌ಡಿ ಬರೋದೇ ಇಲ್ಲ, ಅದರ ಜಾಗದಲ್ಲಿ ಬ್ಯಾಶ್ ಪಿಐಡಿ 1 ಆಗಿ ಕೂರತ್ತೆ, ಆದ್ರಿಂದ ಸಿಸ್ಟಮ್‌ಸಿಟಿಎಲ್ ಯಾವುದೂ ಕೆಲಸ ಮಾಡಲ್ಲ. ರೀಮೌಂಟ್ ಮಾಡಿ, ಎಫ್‌ಎಸ್‌ಟ್ಯಾಬ್ ತಿದ್ದಿ, ಸಿಂಕ್ ಹೊಡೆದು, ರೂಟನ್ನ ಮತ್ತೆ ಆರ್‌ಓ ಅಂತ ರೀಮೌಂಟ್ ಮಾಡಿ ರೀಬೂಟ್ -ಎಫ್. ಆ ಶೆಲ್‌ನಿಂದ ಸುಮ್ನೆ ಎಕ್ಸಿಟ್ ಹೊಡೆದ್ರೆ ಕರ್ನಲ್ ಪ್ಯಾನಿಕ್ ಆಗತ್ತೆ, ಪಿಐಡಿ 1 ಸತ್ತು ಹೋಯ್ತಲ್ಲ, ಅದಕ್ಕೆ.

ಇನ್ನೊಂದು, ಸಿಸ್ಟಮ್ ಭಾಷೆ ಕನ್ನಡ ಇಟ್ಕೊಂಡಿರೋರಿಗೆ: ಈ ಟೆಕ್ಸ್ಟ್ ಕನ್ಸೋಲ್‌ಗೆ ಒತ್ತಕ್ಷರ ಜೋಡಿಸಿ ತೋರಿಸೋ ಶಕ್ತಿ ಇಲ್ಲ, ಅದರ ಫಾಂಟ್‌ಗೆ 512 ಅಕ್ಷರಗಳ ಮಿತಿ ಇದೆ, ಆದ್ರಿಂದ ಅನುವಾದ ಆಗಿರೋ ಸಂದೇಶಗಳು ಬರೀ ಚೌಕಗಳಾಗಿ ಕಾಣಬಹುದು. ಎಕ್ಸ್‌ಪೋರ್ಟ್ ಲ್ಯಾಂಗ್=ಸಿ ಅಂತ ಹೊಡೀರಿ (ಲ್ಯಾಂಗ್ ಮತ್ತೆ ಸಿ ಎರಡೂ ದೊಡ್ಡಕ್ಷರ), ಇಂಗ್ಲಿಷಲ್ಲಿ ಬರತ್ತೆ, ಓದ್ಬಹುದು.

ಡೆಸ್ಕ್‌ಟಾಪ್ ಬರ್ತಿಲ್ಲ, ಬರೀ ಕಪ್ಪು

ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಟೆಕ್ಸ್ಟ್ ಲಾಗಿನ್ ಬಂದ್ರೆ ಒಳಗೆ ಹೋಗಿ ಸಿಸ್ಟಮ್‌ಸಿಟಿಎಲ್ ಗೆಟ್-ಡೀಫಾಲ್ಟ್ ಹೊಡೀರಿ. ಮಲ್ಟಿ-ಯೂಸರ್ ಅಂತ ಬಂದ್ರೆ ಯಾರೋ ಬದಲಾಯಿಸಿದಾರೆ, ಸೂಡೋ ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಗ್ರಾಫಿಕಲ್.ಟಾರ್ಗೆಟ್ ಮಾಡಿ, ಮುಗೀತು. ಅದು ಮಾಡೋದು ಇಷ್ಟೇ, /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಡೀಫಾಲ್ಟ್.ಟಾರ್ಗೆಟ್ ಅಂತ ಒಂದು ಸಿಮ್‌ಲಿಂಕ್ ಹಾಕತ್ತೆ.

ಗ್ರಾಫಿಕಲ್ ಅಂತಲೇ ಇದ್ರೆ? ಸಿಸ್ಟಮ್‌ಸಿಟಿಎಲ್ ಈಸ್-ಆಕ್ಟಿವ್ ಗ್ರಾಫಿಕಲ್.ಟಾರ್ಗೆಟ್ ಕೇಳಿದ್ರೆ ‘ಆಕ್ಟಿವ್’ ಅಂತ ಹೇಳತ್ತೆ, ನಿಮ್ಮೆದುರು ಪರದೆ ಕಪ್ಪಾಗಿದೆ. ಇದು ಸುಳ್ಳಲ್ಲ. ಗ್ರಾಫಿಕಲ್.ಟಾರ್ಗೆಟ್ ಡಿಸ್‌ಪ್ಲೇ-ಮ್ಯಾನೇಜರ್.ಸರ್ವಿಸ್‌ನ ವಾಂಟ್ಸ್ ಅಂತ ಮಾತ್ರ ಕೇಳಿರತ್ತೆ, ರಿಕ್ವೈರ್ಸ್ ಅಂತಲ್ಲ, ಆದ್ರಿಂದ ಲಾಗಿನ್ ಸ್ಕ್ರೀನ್ ತರೋ ಪ್ರೋಗ್ರಾಮ್ ಬಿದ್ದುಹೋದ್ರೂ ಟಾರ್ಗೆಟ್ ತನ್ನ ಪಾಡಿಗೆ ಮುಟ್ಟಿದೆ ಅನ್ನತ್ತೆ. ಟಾರ್ಗೆಟ್ ಕೇಳ್ಬೇಡಿ, ಸರ್ವಿಸ್ ಕೇಳಿ:

ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಡಿಸ್‌ಪ್ಲೇ-ಮ್ಯಾನೇಜರ್
ಜರ್ನಲ್‌ಸಿಟಿಎಲ್ -ಬಿ -ಯು ಡಿಸ್‌ಪ್ಲೇ-ಮ್ಯಾನೇಜರ್

ಒಳಗೆ ಅದು ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ ಯಾವುದಾದ್ರೂ ಆಗಿರತ್ತೆ. ನೋಡ್ಬೇಕಾದ ಮಾಮೂಲಿ ಕಾರಣ ಎರಡು: ಡಿಸ್ಕ್ ಪೂರ್ತಿ ತುಂಬಿದೆ (ಡಿಎಫ್ -ಎಚ್, ಇದನ್ನ ಎಲ್ಲಕ್ಕಿಂತ ಮೊದಲು ನೋಡಿ), ಅಥವಾ ಕರ್ನಲ್ ಅಪ್‌ಡೇಟ್ ಆದ ಮೇಲೆ ಎನ್‌ವಿಡಿಯಾ ಡ್ರೈವರ್ ಅದಕ್ಕೆ ಹೊಂದ್ತಿಲ್ಲ. ಎರಡನೇದಾದ್ರೆ ಗ್ರಬ್‌ನಲ್ಲಿ ಹಳೇ ಕರ್ನಲ್ ಆರಿಸಿ ಬೂಟ್ ಮಾಡಿ ಡ್ರೈವರ್ ಸರಿ ಮಾಡ್ಕೊಳಿ. ಎಫ್3 ಕೂಡ ಬರದಷ್ಟು ಪರದೆ ಹಿಡಿದಿದ್ರೆ ಗ್ರಬ್‌ನಲ್ಲಿ ಸಿಸ್ಟಮ್‌ಡಿ.ಯೂನಿಟ್=ಮಲ್ಟಿ-ಯೂಸರ್.ಟಾರ್ಗೆಟ್ ಸೇರಿಸಿ, ಅಥವಾ ಸುಮ್ನೆ 3 ಅಂತ ಬರೆದ್ರೂ ಆಯ್ತು, ಇಲ್ಲಿ ಹಳೇ ರನ್‌ಲೆವೆಲ್ ನಂಬರ್‌ಗಳನ್ನ ಸಿಸ್ಟಮ್‌ಡಿಯ ಬಹಳಷ್ಟು ಆವೃತ್ತಿಗಳು ಅರ್ಥ ಮಾಡ್ಕೊಳ್ತಾವೆ. 1 ಅಂದ್ರೆ ರೆಸ್ಕ್ಯೂ, 5 ಅಂದ್ರೆ ಗ್ರಾಫಿಕಲ್, 2-3-4 ಮೂರೂ ಮಲ್ಟಿ-ಯೂಸರ್.

ಓಡ್ತಿರೋ ಮಷಿನ್‌ನಲ್ಲಿ ಸ್ಥಿತಿ ಬದಲಾಯಿಸೋಕೆ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಇದೆ. ಇದು ‘ಹೊಸ ಟಾರ್ಗೆಟ್ ಶುರು ಮಾಡು’ ಅನ್ನೋದಷ್ಟೇ ಅಲ್ಲ, ಆ ಟಾರ್ಗೆಟ್‌ಗೆ ಬೇಡದ್ದನ್ನೆಲ್ಲ ನಿಲ್ಲಿಸು ಅಂತ. ಡೆಸ್ಕ್‌ಟಾಪಲ್ಲಿ ಕೂತು ಐಸೊಲೇಟ್ ಮಲ್ಟಿ-ಯೂಸರ್ ಹೊಡೆದ್ರೆ ಸೇವ್ ಮಾಡದ ಕೆಲಸ ಎಲ್ಲ ಹೋಯ್ತು. ದೂರದ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಕೂತು ಐಸೊಲೇಟ್ ರೆಸ್ಕ್ಯೂ ಹೊಡೆದ್ರೆ ನೆಟ್‌ವರ್ಕು ಎಸ್‌ಎಸ್‌ಎಚ್ ಎರಡೂ ನಿಲ್ತಾವೆ, ವಾಪಸ್ ಬರೋಕೆ ಕನ್ಸೋಲ್ ಬೇಕೇ ಬೇಕು. ಕನ್ಸೋಲ್ ಕೈಯಲ್ಲಿ ಇಲ್ದೆ ಇದನ್ನ ಮುಟ್ಟಲೇಬೇಡಿ.

ಕೈಯಲ್ಲಿ ಶುರು ಮಾಡಿದ್ರೆ ಓಡತ್ತೆ, ಬೂಟ್‌ನಲ್ಲಿ ಮಾತ್ರ ಓಡಲ್ಲ

ಸರ್ವರ್ ನೋಡ್ಕೊಳ್ಳೋರೆಲ್ಲ ಕೇಳೋ ಪ್ರಶ್ನೆ. ಮೊದಲು ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಕೇಳಿ, ಸ್ಟಾರ್ಟ್ ಮಾಡಿ ಎನೇಬಲ್ ಮಾಡೋದು ಮರೆತಿರೋದು ತುಂಬಾ ಸಾಮಾನ್ಯ. ಎನೇಬಲ್ ಆಗಿದ್ರೆ ಸ್ಟೇಟಸ್‌ನಲ್ಲಿ ಎಕ್ಸಿಟ್ ಕೋಡ್ ನೋಡಿ: 203 ಅಂದ್ರೆ ಎಕ್ಸೆಕ್‌ಸ್ಟಾರ್ಟ್‌ನಲ್ಲಿರೋ ಫೈಲ್ ಇಲ್ಲ ಅಥವಾ ಓಡಿಸೋ ಪರ್ಮಿಷನ್ ಇಲ್ಲ, 217 ಅಂದ್ರೆ ಯೂಸರ್= ಅಲ್ಲಿರೋ ಹೆಸರಿನ ಯೂಸರ್ ಇಲ್ಲ, 200 ಅಂದ್ರೆ ವರ್ಕಿಂಗ್ ಡೈರೆಕ್ಟರಿ ಇಲ್ಲ. ನಿಮ್ಮ .ಬ್ಯಾಶ್‌ಆರ್‌ಸಿ ಒಳಗೆ ಬರೆದಿರೋ ಪಾತ್, ವೇರಿಯಬಲ್ ಯಾವುದನ್ನೂ ಸಿಸ್ಟಮ್‌ಡಿ ಓದಲ್ಲ, ಅವನ್ನ ಯೂನಿಟ್‌ನಲ್ಲೇ ಎನ್ವಿರಾನ್‌ಮೆಂಟ್= ಅಂತ ಕೊಡ್ಬೇಕು.

ಇದ್ಯಾವುದೂ ಅಲ್ಲ ಅಂದ್ರೆ ನೆಟ್‌ವರ್ಕ್. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಲಿಸನ್‌ಅಡ್ರೆಸ್ ಅಂತ ಒಂದು ನಿರ್ದಿಷ್ಟ ಐಪಿ ಕೊಟ್ಟಿರ್ತೀರಿ, ಬೂಟ್‌ನಲ್ಲಿ ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಅಂತ ಬೀಳತ್ತೆ, ಯಾಕಂದ್ರೆ ಆ ಹೊತ್ತಿಗೆ ಮಷಿನ್‌ಗೆ ಆ ಐಪಿ ಇನ್ನೂ ಸಿಕ್ಕಿಲ್ಲ. ಯೂನಿಟ್‌ನಲ್ಲಿ ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್ ಅಂತ ಇದೆಯಲ್ಲಾ ಅಂತೀರಿ, ಆದ್ರೆ ನೆಟ್‌ವರ್ಕ್.ಟಾರ್ಗೆಟ್ ಅಂದ್ರೆ ನೆಟ್‌ವರ್ಕ್ ನೋಡ್ಕೊಳ್ಳೋ ಸಾಫ್ಟ್‌ವೇರ್ ಎದ್ದಿದೆ ಅಂತ ಅಷ್ಟೆ, ಐಪಿ ಬಂದಿದೆ ಅಂತಲ್ಲ. ಐಪಿ ಬರೋ ತನಕ ಕಾಯ್ಬೇಕಂದ್ರೆ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್, ಅದನ್ನೂ ಎರಡು ಸಾಲಲ್ಲಿ ಹೇಳ್ಬೇಕು. ಸಿಸ್ಟಮ್‌ಸಿಟಿಎಲ್ ಎಡಿಟ್ ಮಾಡಿ ಇಷ್ಟು ಹಾಕಿ:

[ಯೂನಿಟ್]
ವಾಂಟ್ಸ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್
ಆಫ್ಟರ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್

ಒಂದು ಸಾಲು ಎಳ್ಕೊಂಡು ಬರೋಕೆ, ಇನ್ನೊಂದು ಕಾಯೋಕೆ. /ಯುಎಸ್‌ಆರ್/ಲಿಬ್ ಒಳಗಿನ ಮೂಲ ಫೈಲ್ ಮುಟ್ಟಬೇಡಿ, ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿ ಹೋಗತ್ತೆ, ಎಡಿಟ್ ಕಮಾಂಡ್ ಬೇರೆ ಡ್ರಾಪ್-ಇನ್ ಫೈಲ್ ಮಾಡಿಡತ್ತೆ.

ರೀಸ್ಟಾರ್ಟ್=ಆಲ್ವೇಸ್ ಹಾಕಿದೀನಿ, ಐಪಿ ಬರೋ ತನಕ ತಾನೇ ಪ್ರಯತ್ನ ಮಾಡ್ತಿರತ್ತೆ ಅಂತ ಕೆಲವರು ಅಂದ್ಕೊಂಡಿರ್ತಾರೆ. ಲೆಕ್ಕ ನೋಡಿ: ಎರಡು ಪ್ರಯತ್ನದ ನಡುವೆ ಡೀಫಾಲ್ಟ್ ಅಂತರ 100 ಮಿಲಿಸೆಕೆಂಡ್, 10 ಸೆಕೆಂಡ್ ಒಳಗೆ 5 ಸಲಕ್ಕಿಂತ ಜಾಸ್ತಿ ಶುರು ಆಗೋಕೆ ಬಿಡಲ್ಲ. ಶುರು ಆದ ತಕ್ಷಣ ಬೀಳೋ ಪ್ರೋಗ್ರಾಮ್ ಐದೂ ಅವಕಾಶವನ್ನ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಸಿಬಿಡತ್ತೆ, ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಅಂತ ಬರೆದು ಸಿಸ್ಟಮ್‌ಡಿ ಕೈಬಿಡತ್ತೆ. ರೀಸ್ಟಾರ್ಟ್‌ಸೆಕ್=5 ಅಂತ ಕೊಟ್ರೆ ಈ ಮಿತಿಗೆ ಸಿಗೋದೇ ಇಲ್ಲ. ಈಗಾಗಲೇ ಸಿಕ್ಕಿಹಾಕ್ಕೊಂಡಿದ್ರೆ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ.

ಲಾಗ್‌ನಲ್ಲಿ ಎರರ್ರೇ ಇಲ್ಲ, ಶುರು ಆಗೋಕೆ ಪ್ರಯತ್ನ ಮಾಡಿದ ಗುರುತೂ ಇಲ್ಲ ಅಂದ್ರೆ ಜರ್ನಲ್‌ನಲ್ಲಿ ‘ಆರ್ಡರಿಂಗ್ ಸೈಕಲ್’ ಅಂತ ಹುಡುಕಿ. ಎ ಆದ ಮೇಲೆ ಬಿ, ಬಿ ಆದ ಮೇಲೆ ಎ ಅಂತ ಯೂನಿಟ್‌ಗಳು ಸುತ್ತು ಹಾಕ್ಕೊಂಡಿದ್ರೆ ಸಿಸ್ಟಮ್‌ಡಿ ಆ ಸುತ್ತು ಮುರಿಯೋಕೆ ಒಂದು ಜಾಬ್‌ನ ತೆಗೆದೇ ಬಿಡತ್ತೆ, ಆ ಯೂನಿಟ್ ಆ ಬೂಟ್‌ನಲ್ಲಿ ಬರಲ್ಲ. ಇವತ್ತು ಒಂದು ಸರ್ವಿಸ್ ಬರಲ್ಲ, ನಾಳೆ ಇನ್ನೊಂದು ಬರಲ್ಲ ಅನ್ನೋ ಹಾಗಿದ್ರೆ ಮೊದಲ ಅನುಮಾನ ಇದರ ಮೇಲೇ ಇರ್ಲಿ. ನೀವೇ ಬರೆದ ಯೂನಿಟ್‌ಗಳನ್ನ ಸಿಸ್ಟಮ್‌ಡಿ-ಅನಲೈಝ್ ವೆರಿಫೈ ಮಾಡಿ ನೋಡಿ.

ಬೂಟ್ ಆಗತ್ತೆ, ಆದ್ರೆ ನಿಧಾನ

ಸಿಸ್ಟಮ್‌ಡಿ-ಅನಲೈಝ್ ಬ್ಲೇಮ್ ಎಲ್ಲರಿಗೂ ಗೊತ್ತು, ಆದ್ರೆ ಅದನ್ನೊಂದನ್ನೇ ನಂಬಿ ಸರ್ವಿಸ್ ಡಿಸೇಬಲ್ ಮಾಡೋದು ತಪ್ಪು. ಎಲ್ಲ ಒಟ್ಟಿಗೇ ಓಡ್ತಿರೋದ್ರಿಂದ 20 ಸೆಕೆಂಡ್ ತಗೊಂಡ ಸರ್ವಿಸ್ ಯಾರನ್ನೂ ತಡೆದಿರದೇ ಇರಬಹುದು. ಪ್ಲಿಮತ್-ಕ್ವಿಟ್-ವೇಟ್ ಯಾವಾಗಲೂ ಮೇಲೇ ಇರತ್ತೆ, ಅದು ಬೇರೆಯವರು ಮುಗಿಸ್ಲಿ ಅಂತ ಕಾಯ್ತಾ ಕೂತಿರೋದು. ನೋಡ್ಬೇಕಾದ್ದು ಸಿಸ್ಟಮ್‌ಡಿ-ಅನಲೈಝ್ ಕ್ರಿಟಿಕಲ್-ಚೈನ್, ಯಾರಿಗಾಗಿ ಯಾರು ಕಾದ್ರು ಅನ್ನೋ ಸರಪಳಿ ಅಲ್ಲಿ ಕಾಣತ್ತೆ. ‘ಬೂಟಪ್ ಈಸ್ ನಾಟ್ ಯೆಟ್ ಫಿನಿಶ್ಡ್’ ಅಂದ್ರೆ ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್ ಹೊಡೀರಿ, ಅಲ್ಲಿ ‘ವೇಟಿಂಗ್’ ಅಂತಿರೋರನ್ನೆಲ್ಲ ಬಿಟ್ಟು ‘ರನ್ನಿಂಗ್’ ಅಂತಿರೋರನ್ನ ಮಾತ್ರ ನೋಡಿ, ಉಳಿದೋರು ಅವರಿಗಾಗಿಯೇ ನಿಂತಿರೋದು.

ಆಫ್ ಮಾಡುವಾಗ ಸಿಕ್ಕಿಹಾಕ್ಕೊಳ್ಳೋದು

ಶಟ್‌ಡೌನ್ ಕೂಡ ಒಂದು ಟಾರ್ಗೆಟ್‌ಗೆ ಹೋಗೋದೇ, ಕ್ರಮ ಮಾತ್ರ ತಿರುಗುಮುರುಗು, ಕೊನೇಲಿ ಬಂದವರು ಮೊದಲು ಹೋಗ್ತಾರೆ. ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಅಂತ ನಿಂತ್ರೆ ಯಾವುದೋ ಪ್ರೋಸೆಸ್ ಸಿಗ್‌ಟರ್ಮ್‌ಗೆ (ನಿಲ್ಲು ಅನ್ನೋ ಸೂಚನೆ) ಜಗ್ಗಿಲ್ಲ, ಡೀಫಾಲ್ಟ್ 90 ಸೆಕೆಂಡ್ (ಫೆಡೋರಾ 38ರಿಂದ 45) ಆದ ಮೇಲೆ ಸಿಗ್‌ಕಿಲ್ (ಬಲವಂತವಾಗಿ ನಿಲ್ಲಿಸೋ ಸೂಚನೆ) ಕೊಟ್ಟು ಮುಗಿಸತ್ತೆ. ಪವರ್ ಬಟನ್ ಒತ್ತಿ ಹಿಡಿಯೋ ಬದಲು ಆ ಹೆಸರು ಓದಿ ಬರ್ಕೊಳಿ. ಕಾಯೋಕೆ ಆಗದಷ್ಟು ಅವಸರ ಇದ್ರೆ ಕಂಟ್ರೋಲ್-ಆಲ್ಟ್-ಡಿಲೀಟ್‌ನ ಎರಡು ಸೆಕೆಂಡ್ ಒಳಗೆ ಏಳಕ್ಕಿಂತ ಜಾಸ್ತಿ ಸಲ ಒತ್ತಿದ್ರೆ ಸಿಸ್ಟಮ್‌ಡಿ ಕೂಡ್ಲೇ ರೀಬೂಟ್ ಮಾಡತ್ತೆ.

ಮುಂದಿನ ಬೂಟ್‌ನಲ್ಲಿ ಜರ್ನಲ್‌ಸಿಟಿಎಲ್ -ಬಿ -1 -ಇ ಹೊಡೆದ್ರೆ ಹಿಂದಿನ ಬೂಟ್‌ನ ಕೊನೇ ಸಾಲುಗಳು ಸಿಗ್ತಾವೆ. ಸಿಗ್ಲಿಲ್ಲ ಅಂದ್ರೆ ಜರ್ನಲ್ ಬರೀ ಮೆಮೊರೀಲಿ ಇರೋದು, /ವಾರ್/ಲಾಗ್/ಜರ್ನಲ್ ಅಂತ ಒಂದು ಡೈರೆಕ್ಟರಿ ಮಾಡಿ ರೀಬೂಟ್ ಮಾಡಿದ್ರೆ ಅಲ್ಲಿಂದ ಮುಂದೆ ಡಿಸ್ಕಲ್ಲಿ ಉಳಿಯತ್ತೆ. ಇದನ್ನ ತೊಂದರೆ ಬರೋಕೆ ಮುಂಚೆಯೇ ಮಾಡಿಟ್ಕೊಳಿ.

ಅದರಲ್ಲೂ ಏನೂ ಸಿಗದಿದ್ರೆ ಡೀಬಗ್ ಶೆಲ್. ಗ್ರಬ್‌ನಲ್ಲಿ ಸಿಸ್ಟಮ್‌ಡಿ.ಡೀಬಗ್-ಶೆಲ್=1 ಸೇರಿಸಿ ಬೂಟ್ ಮಾಡಿದ್ರೆ ಕಂಟ್ರೋಲ್-ಆಲ್ಟ್-ಎಫ್9 ಮೇಲೆ ರೂಟ್ ಶೆಲ್ ತೆರೆದಿರತ್ತೆ, ಬೂಟ್‌ನ ಬಹಳ ಮೊದಲಿಂದ ಶಟ್‌ಡೌನ್‌ನ ಕೊನೇ ತನಕ. ಮಷಿನ್ ನಿಂತಾಗ ಅಲ್ಲಿಗೆ ಹೋಗಿ ಲಿಸ್ಟ್-ಜಾಬ್ಸ್ ಹೊಡೆದ್ರೆ ತಪ್ಪಿತಸ್ಥ ಎದುರಿಗೇ ಸಿಗ್ತಾನೆ. ಆದ್ರೆ ಆ ಶೆಲ್ ಪಾಸ್‌ವರ್ಡ್ ಕೇಳಲ್ಲ, ಕೀಬೋರ್ಡ್ ಮುಂದೆ ಯಾರು ಕೂತ್ರೂ ಅವರೇ ರೂಟ್. ಗ್ರಬ್‌ನಲ್ಲಿ ಒಂದು ಬೂಟ್‌ಗೆ ಮಾತ್ರ ಹಾಕಿದ್ರೆ ಪರವಾಗಿಲ್ಲ, ತಾನೇ ಹೋಗತ್ತೆ. ಸಿಸ್ಟಮ್‌ಸಿಟಿಎಲ್ ಎನೇಬಲ್ ಡೀಬಗ್-ಶೆಲ್ ಅಂತ ಕಾಯಂ ಮಾಡಿದ್ರೆ, ಕಾರಣ ಸಿಕ್ಕಿದ ತಕ್ಷಣ ಡಿಸೇಬಲ್ ಮಾಡಿ, ಇನ್ನೊಂದು ಸಲ ರೀಬೂಟ್ ಮಾಡಿ ಎಫ್9 ಖಾಲಿ ಇದೆ ಅಂತ ಕಣ್ಣಾರೆ ನೋಡಿ ಆಮೇಲೆ ಮಷಿನ್ ವಾಪಸ್ ಕೊಡಿ.